ಮೂರನೆಯ ಬಾಗಿಲು

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕ. ದಕ್ಷಿಣ ಆಫ್ರಿಕದ ನೇಟಾಲ್ ವಸಾಹತಿನ ಬಂದರು ಪಟ್ಟಣವಾದ ಡರ್ಬನ್ನಿನಲ್ಲಿ ಅಂಚೆ ಕಛೇರಿಗೆ ಎರಡು ಬಾಗಿಲುಗಳಿದ್ದುವು. ಒಂದು ಬಿಳಿಯರದು, ಇನ್ನೊಂದು ಆಫ್ರಿಕದ ಮೂಲನಿವಾಸಿಗಳಿಗೂ ಏಷ್ಯದವರಿಗೂ ಸೇರಿದ್ದು. ಸ್ಟಾಂಪು ಕೊಳ್ಳುವುದಕ್ಕೂ ಮೈಬಣ್ಣ ನೋಡಿಕೊಂಡು ಒಳಹೋಗಬೇಕಾದ ಈ ಏರ್ಪಾಡು ಅಲ್ಲಿನ ಭಾರತೀಯರಿಗೆ ಅಪಮಾನವಾಗಿ ತೋರಿದುದು ಸಹಜವೇ. ಆಗ ತಾನೆ ಹುಟ್ಟಿದ್ದ ನೇಟಾಲ್ ಇಂಡಿಯನ್ ಕಾಂಗ್ರೆಸ್ಸು ಈ ವಿಷಯದಲ್ಲಿ ಸರ್ಕಾರದೊಡನೆ ಪತ್ರವ್ಯವಹಾರ ನಡೆಸಿತು. ಅದರ ಫಲವನ್ನು 1895ರ ಆಗಸ್ಟಿನ ವರದಿಯಲ್ಲಿ ಸಂಸ್ಥೆಯ ಕಾರ್ಯದರ್ಶಿ ಸ್ವಲ್ಪ ತೃಪ್ತಿಯಿಂದಲೇ ದಾಖಲಿಸಿದ್ದಾರೆ: ಇನ್ನು ಮೇಲೆ ಆ ಕಛೇರಿಗೆ ಮೂರು ಬಾಗಿಲುಗಳಿರುತ್ತವೆ, ಬಿಳಿಯರಿಗೊಂದು, ಮೂಲನಿವಾಸಿಗಳಿಗೊಂದು, ಏಷ್ಯದವರಿಗೊಂದು. ಆ ಕಾರ್ಯದರ್ಶಿ ಇಪ್ಪತ್ತೈದು ವರ್ಷದ ಬ್ಯಾರಿಸ್ಟರ್ ಮೋಹನದಾಸ ಕರಮಚಂದ ಗಾಂಧಿ.

1893ರಲ್ಲಿ ಪೀಟರ್‌ಮ್ಯಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಇದೇ ತರುಣನನ್ನು ಮೊದಲ ದರ್ಜೆಯ ಗಾಡಿಯಿಂದ ಕೆಳಕ್ಕೆ ದಬ್ಬಿದ ಕಥೆ ನಮ್ಮ ಶಾಲೆಯ ಮಕ್ಕಳೆಲ್ಲರಿಗೂ ಬರುತ್ತದೆ. ಅಂಚೆ ಕಛೇರಿಯ ಕಥೆ ಬರುವುದಿಲ್ಲ. ಗಾಂಧಿಯವರು ಅಲ್ಲಿಗೇ ನಿಂತವರಲ್ಲ. ಅವರ ಮನಸ್ಸು ಬೆಳೆದ ದಾರಿಯನ್ನು ಲೋಕವೇ ಕಂಡಿದೆ. ಆದುದರಿಂದ ಈ ಪ್ರಸಂಗವನ್ನು ಎತ್ತಿದುದು ಮಹಾತ್ಮರಲ್ಲಿ ದೋಷ ಹುಡುಕುವುದಕ್ಕಲ್ಲ. ಅಂದಿನ ಭಾರತೀಯ ವರ್ತಕ ಸಮಾಜವು ವರ್ಣದ್ವೇಷವೆಂಬುದನ್ನು ಹೇಗೆ ಕಂಡಿತೆಂಬುದಕ್ಕೆ ಇದಕ್ಕಿಂತ ಚೊಕ್ಕವಾದ ಸಾಕ್ಷ್ಯ ಸಿಕ್ಕುವುದು ಕಷ್ಟ. ಬಾಗಿಲುಗಳು ಬೇರೆ ಬೇರೆ ಇರುವುದು ತಪ್ಪೆಂದು ಅವರು ಕೇಳಲಿಲ್ಲ. ತಮ್ಮನ್ನು ಯಾರೊಡನೆ ಸೇರಿಸಿದ್ದಾರೆಂಬುದು ಅವರ ದೂರು. ಈ ದೂರು ಮುಂದಿನ ನೂರು ವರ್ಷಗಳಲ್ಲಿ ವಿಶ್ವಸಂಸ್ಥೆಯ ಸಭಾಂಗಣಗಳವರೆಗೂ ರೂಪಾಂತರಗಳನ್ನು ಪಡೆಯುತ್ತ ಹೋದುದು ಒಂದು ವಿಲಕ್ಷಣವಾದ ಇತಿಹಾಸ.

ವಿಶ್ವಸಂಸ್ಥೆ ಹುಟ್ಟಿದ ಮರುವರ್ಷವೇ, 1946ರಲ್ಲಿ, ಅದರ ಮುಂದೆ ವರ್ಣಭೇದದ ಪ್ರಶ್ನೆಯನ್ನು ತಂದಿಟ್ಟ ದೇಶ ಭಾರತ. ಆಗಿನ್ನೂ ನಮಗೆ ಸ್ವಾತಂತ್ರ್ಯ ಬಂದಿರಲಿಲ್ಲ. ಏಷ್ಯದವರು ಎಲ್ಲಿ ಭೂಮಿ ಕೊಳ್ಳಬಹುದು, ಎಲ್ಲಿ ಕೊಳ್ಳಬಾರದು ಎಂದು ಗೆರೆ ಎಳೆಯುವ ಕಾನೂನೊಂದನ್ನು ದಕ್ಷಿಣ ಆಫ್ರಿಕ ಆ ವರ್ಷ ಮಾಡಿತ್ತು. ನಮ್ಮ ನಿಯೋಗದ ನಾಯಕಿ ವಿಜಯಲಕ್ಷ್ಮಿ ಪಂಡಿತರು ಅದರ ವಿರುದ್ಧ ಮಾಡಿದ ವಾದ ಆ ಅಧಿವೇಶನದ ದೊಡ್ಡ ಘಟನೆಯಾಯಿತು. ಎದುರಾಳಿಯೂ ಸಾಮಾನ್ಯನಲ್ಲ, ಜನರಲ್ ಸ್ಮಟ್ಸ್. ಮಾನವನ ಮೂಲಭೂತ ಹಕ್ಕುಗಳಲ್ಲಿ ಶ್ರದ್ಧೆಯನ್ನು ಸಾರುವ ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಗೆ ಮೊದಲ ಕರಡು ಬರೆದವರು ಅವರೇ! ಅವರ ಸರ್ಕಾರದ ಉತ್ತರ ಒಂದೇ: ಇದು ನಮ್ಮ ಮನೆಯೊಳಗಿನ ವಿಚಾರ, ಆಂತರಿಕ ವ್ಯವಹಾರ, ಹೊರಗಿನವರು ಕೈಹಾಕುವಂತಿಲ್ಲ. ಡಿಸೆಂಬರ್ 8ರಂದು ಮತ ಎಣಿಸಿದಾಗ ಭಾರತದ ಪರವಾಗಿ 32, ವಿರುದ್ಧವಾಗಿ 15. ಏಳು ದೇಶಗಳು ತಟಸ್ಥ. ಮೂರನೆಯ ಎರಡಂಶದ ಬಹುಮತ ಬೇಕಿದ್ದ ಗೊತ್ತುವಳಿ ಪಾರಾಯಿತು. ಆಂತರಿಕ ವ್ಯವಹಾರವೆಂಬ ಗೋಡೆಯಲ್ಲಿ ಮೊದಲ ಬಿರುಕು ಬಿಟ್ಟುದು ಆ ದಿನ. ಅದನ್ನು ಬಿಡಿಸಿದವರು ನಾವು ಎಂಬ ಹೆಮ್ಮೆ ನ್ಯಾಯವಾದುದೇ.

ಅದೇ 1946ರ ಬೇಸಗೆಯಲ್ಲಿ ಇನ್ನೊಂದು ಕಾಗದ ಸಮುದ್ರ ದಾಟಿತು. ಅದನ್ನು ಬರೆದವರು ಡಾಕ್ಟರ್ ಅಂಬೇಡ್ಕರರು. ಬರೆದದ್ದು ಅಮೆರಿಕದ ನೀಗ್ರೋ ಜನರ ಹಿರಿಯ ವಿದ್ವಾಂಸ ಡಬ್ಲ್ಯು. ಇ. ಬಿ. ದು ಬಾಯ್ಸ್ ಅವರಿಗೆ. ಅಮೆರಿಕದ ನೀಗ್ರೋ ಸಂಘಟನೆಯೊಂದು ತಮ್ಮವರ ಸ್ಥಿತಿಗತಿಗಳನ್ನು ಕುರಿತು ವಿಶ್ವಸಂಸ್ಥೆಗೆ ಮನವಿ ಸಲ್ಲಿಸಿದ ಸುದ್ದಿ ಅಂಬೇಡ್ಕರರಿಗೆ ತಿಳಿದಿತ್ತು. ಅಸ್ಪೃಶ್ಯರೂ ಅದೇ ದಾರಿ ಹಿಡಿಯುವ ಆಲೋಚನೆಯಲ್ಲಿದ್ದಾರೆ. ಆ ಮನವಿಯ ಪ್ರತಿಗಳು ದೊರೆತರೆ ಉಪಕಾರವಾಗುತ್ತದೆ — ಕಾಗದದ ಸಾರಾಂಶ ಇಷ್ಟೇ. ಅಮೆರಿಕದ ನೀಗ್ರೋಗಳ ಸ್ಥಿತಿಗೂ ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ಇರುವ ಸಾಮ್ಯ ಎಷ್ಟು ನಿಕಟವೆಂದರೆ ಅದನ್ನು ಅಭ್ಯಾಸ ಮಾಡುವುದು ಅಗತ್ಯವೇ ಆಗಿದೆಯೆಂಬ ಭಾವವೂ ಅದರಲ್ಲಿದೆ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಅದು ಬರಿಯ ಪುಸ್ತಕದ ಹೋಲಿಕೆಯಾಗಿರಲಾರದು. ದು ಬಾಯ್ಸ್ ಜುಲೈ ತಿಂಗಳಲ್ಲಿ ಸಹಾನುಭೂತಿಯಿಂದ ಉತ್ತರ ಬರೆದರು.

ಒಂದೇ ವರ್ಷ, ಒಂದೇ ದೇಶ, ಒಂದೇ ವಿಶ್ವಸಂಸ್ಥೆ. ಪಂಡಿತರ ಭಾಷಣ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅಂಬೇಡ್ಕರರ ಕಾಗದ ದು ಬಾಯ್ಸ್ ಅವರ ಪತ್ರಸಂಗ್ರಹದಲ್ಲಿ ಉಳಿಯಿತು.

ಈ ನಡುವೆ ವಿಜ್ಞಾನಿಗಳೂ ಸುಮ್ಮನಿರಲಿಲ್ಲ. ಜರ್ಮನಿಯಲ್ಲಿ ರಕ್ತಶುದ್ಧಿಯ ಹೆಸರಿನಲ್ಲಿ ನಡೆದ ನರಮೇಧದ ಅನಂತರ, ಜನಾಂಗವೆಂಬ ಕಲ್ಪನೆಗೆ ಶಾಸ್ತ್ರದ ಆಧಾರವೆಷ್ಟು ಎಂದು ವಿಚಾರಿಸುವ ಹೊಣೆಯನ್ನು ಯುನೆಸ್ಕೋ ಹೊತ್ತುಕೊಂಡಿತು. 1949ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ವಾಂಸರು ಕೇವಲ ಎಂಟು ಮಂದಿ. ಫ್ರಾನ್ಸಿನ ಲೆವಿಸ್ಟ್ರಾಸ್, ಅಮೆರಿಕದ ಆ್ಯಷ್ಲಿ ಮಾಂಟಗು ಅವರ ಜೊತೆಯಲ್ಲಿ ಮುಂದೆ ನಮ್ಮ ಕೇಂದ್ರ ಸಚಿವರಾದ ಹುಮಾಯೂನ್ ಕಬೀರರೂ ಇದ್ದರು. 1950ರ ಜುಲೈ ತಿಂಗಳಲ್ಲಿ ಪ್ರಕಟವಾದ ಅವರ ಹೇಳಿಕೆಯ ತಿರುಳು ಇದು: ಜನಾಂಗವೆಂಬುದು ಜೀವಶಾಸ್ತ್ರದ ಸಂಗತಿ ಎನ್ನುವುದಕ್ಕಿಂತ ಸಮಾಜ ಕಟ್ಟಿಕೊಂಡ ಒಂದು ಮಿಥ್ಯೆ ಎನ್ನುವುದೇ ಸರಿ. ದೇಹರಚನೆಯನ್ನು ಅಭ್ಯಾಸ ಮಾಡುವ ಮಾನವಶಾಸ್ತ್ರಜ್ಞರೂ ತಳಿವಿಜ್ಞಾನಿಗಳೂ ಇದು ಅತಿಯಾಯಿತೆಂದರು. ಮರುವರ್ಷ ಇನ್ನೊಂದು ಸಮಿತಿ ಕೂಡಿ ಮಾತನ್ನು ಕೊಂಚ ತಿದ್ದಿತು. 1964ರಲ್ಲಿ ಮಾಸ್ಕೋದಲ್ಲಿ, 1967ರಲ್ಲಿ ಮತ್ತೆ ಪ್ಯಾರಿಸ್ಸಿನಲ್ಲಿ ಪುನಃ ಚರ್ಚೆಗಳಾದುವು. ಯುನೆಸ್ಕೋದ ಪ್ರಕಟಣೆಗಳು ತನ್ನ ದೇಶದ ಜನಾಂಗ ಸಮಸ್ಯೆಗಳಲ್ಲಿ ತಲೆಹಾಕುತ್ತಿವೆಯೆಂದು ಸಿಟ್ಟಾಗಿ ದಕ್ಷಿಣ ಆಫ್ರಿಕ 1955ರಲ್ಲಿ ಆ ಸಂಸ್ಥೆಯನ್ನು ಬಿಡುವುದಾಗಿ ಸಾರಿತು. ಕೆಲವು ಪುಸ್ತಿಕೆಗಳಿಗೆ ಒಂದು ಸರ್ಕಾರ ಇಷ್ಟು ಹೆದರಿತೆಂಬುದು ಬರೆಯುವ ಕಸುಬಿನವರಿಗೆ ಸ್ವಲ್ಪ ಸಮಾಧಾನದ ಸಂಗತಿ.

ಇಲ್ಲಿ ನಮ್ಮ ಭಾಷೆಯ ಮಾತನ್ನು ಸ್ವಲ್ಪ ನೋಡಬೇಕು. ದಕ್ಷಿಣ ಆಫ್ರಿಕದ ‘ಅಪಾರ್ಥೈಡ್’ ಎಂಬ ಪದಕ್ಕೆ ಕನ್ನಡ ಪತ್ರಿಕೆಗಳು ‘ವರ್ಣಭೇದ ನೀತಿ’ ಎಂಬ ಹೆಸರನ್ನು ರೂಢಿಗೆ ತಂದುವು. ವರ್ಣವೆಂದರೆ ಬಣ್ಣ. ವರ್ಣವೆಂದರೆ ಅಕ್ಷರವೂ ಹೌದು, ವ್ಯಾಕರಣ ಓದಿದವರಿಗೆ ಗೊತ್ತು. ಆದರೆ ವರ್ಣವೆಂದರೆ ಚಾತುರ್ವರ್ಣ್ಯದ ವರ್ಣವೂ ಹೌದಷ್ಟೆ? ಪ್ರಿಟೋರಿಯದ ಸರ್ಕಾರವನ್ನು ಖಂಡಿಸುವ ಸಂಪಾದಕೀಯದಲ್ಲಿ ನಾವು ಬಳಸುತ್ತಿದ್ದ ಪದದೊಳಗೆ ನಮ್ಮ ಊರಿನ ಹೊಲಗೇರಿಯೂ ಅಡಗಿ ಕುಳಿತಿತ್ತು. ‘ಜನಾಂಗ’ವೆಂಬ ಮಾತಿನದೂ ಇದೇ ಕಥೆ. ಜನಾಂಗದ್ವೇಷವೆಂದು ಬರೆಯುವಾಗ ನಮ್ಮ ಕಣ್ಣ ಮುಂದೆ ಅಮೆರಿಕ ನಿಲ್ಲುತ್ತದೆ; ‘ಅವರು ಯಾವ ಜನಾಂಗ?’ ಎಂದು ಮಂಡ್ಯದಲ್ಲೋ ಹಾಸನದಲ್ಲೋ ಒಬ್ಬರು ಕೇಳಿದರೆ ಅದರ ಅರ್ಥ ಜಾತಿ ಯಾವುದೆಂದೇ. ಇಂಗ್ಲಿಷಿನಲ್ಲಿ ಎರಡಾಗಿರುವುದು ಕನ್ನಡದಲ್ಲಿ ಒಂದೇ ಹೆಸರಿನಿಂದ ನಡೆಯುತ್ತದೆ. ಪದಗಳು ಬೆರೆತ ಮಾತ್ರಕ್ಕೆ ವಸ್ತುಗಳು ಒಂದಾಗುವುದಿಲ್ಲ, ನಿಜ. ಆದರೂ ಮುಂದೆ ವಿದ್ವಾಂಸರೂ ರಾಯಭಾರಿಗಳೂ ಎಳೆದಾಡಿದ ಗಂಟು ನಮ್ಮ ದಿನಬಳಕೆಯ ಮಾತಿನಲ್ಲಿ ಮೊದಲೇ ಬಿದ್ದಿತ್ತೆಂಬುದು ಗಮನಿಸತಕ್ಕದ್ದು.

1960ರ ಮಾರ್ಚ್ 21ರಂದು ಷಾರ್ಪ್‌ವಿಲ್ ಎಂಬಲ್ಲಿ ಪಾಸು ಕಾನೂನಿನ ವಿರುದ್ಧ ಸೇರಿದ್ದ ಜನರ ಮೇಲೆ ದಕ್ಷಿಣ ಆಫ್ರಿಕದ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ಅದಕ್ಕೆ ಸ್ವಲ್ಪ ಮುಂಚೆ ಯುರೋಪಿನ ಹಲವು ನಗರಗಳಲ್ಲಿ ಯೆಹೂದ್ಯರ ಮಂದಿರಗಳ ಗೋಡೆಗಳ ಮೇಲೆ ಸ್ವಸ್ತಿಕ ಚಿಹ್ನೆ ಬಳಿಯುವ ಹಾವಳಿ ಎದ್ದಿತ್ತು. ಹೊಸದಾಗಿ ಸ್ವತಂತ್ರವಾದ ಆಫ್ರಿಕದ ರಾಷ್ಟ್ರಗಳು ಒಂದೊಂದಾಗಿ ವಿಶ್ವಸಂಸ್ಥೆಯೊಳಕ್ಕೆ ಬರುತ್ತಿದ್ದ ಕಾಲ ಅದು. ಬರಿಯ ಖಂಡನೆ ಸಾಲದು, ರಾಷ್ಟ್ರಗಳನ್ನು ಕಟ್ಟಿಹಾಕುವ ಒಪ್ಪಂದವೇ ಬೇಕೆಂಬ ಒತ್ತಾಯ ಬೆಳೆದು, 1963ರಲ್ಲಿ ಘೋಷಣೆಯೊಂದು ಹೊರಬಿತ್ತು. 1965ರ ಡಿಸೆಂಬರ್ 21ರಂದು ಎಲ್ಲ ಬಗೆಯ ಜನಾಂಗೀಯ ತಾರತಮ್ಯವನ್ನೂ ತೊಡೆಯುವ ಅಂತರರಾಷ್ಟ್ರೀಯ ಒಪ್ಪಂದವನ್ನು ಮಹಾಸಭೆ ಅಂಗೀಕರಿಸಿತು. ಒಂದು ದೇಶವೂ ವಿರೋಧವಾಗಿ ಮತ ಕೊಡಲಿಲ್ಲ.

ಈ ಒಪ್ಪಂದದ ಮೊದಲನೆಯ ವಿಧಿಯಲ್ಲಿ ಜನಾಂಗೀಯ ತಾರತಮ್ಯವೆಂದರೇನೆಂಬ ವ್ಯಾಖ್ಯೆಯಿದೆ. ಜನಾಂಗ, ಮೈಬಣ್ಣ, ವಂಶ, ರಾಷ್ಟ್ರೀಯ ಅಥವಾ ಜನಕುಲದ ಮೂಲ — ಇವುಗಳಲ್ಲಿ ಯಾವುದರ ಆಧಾರದ ಮೇಲಾದರೂ ಸರಿ, ಮನುಷ್ಯನ ಹಕ್ಕನ್ನು ಕುಗ್ಗಿಸುವ ಭೇದ ಮಾಡಿದರೆ ಅದು ಜನಾಂಗೀಯ ತಾರತಮ್ಯ. ಈ ಪಟ್ಟಿಯಲ್ಲಿ ‘ವಂಶ’ವೆಂಬ ಪದ ಮೊದಲ ಕರಡಿನಲ್ಲಿರಲಿಲ್ಲ. ‘ರಾಷ್ಟ್ರೀಯ ಮೂಲ’ವೆಂಬ ಮಾತು ಪರದೇಶದವರ ಹಕ್ಕುಗಳ ತಂಟೆಯನ್ನು ಎಳೆದು ತರುತ್ತದೆಂದು ಸಮಿತಿಯಲ್ಲಿ ಜಗ್ಗಾಟ ನಡೆದಾಗ, 1965ರ ಅಕ್ಟೋಬರಿನಲ್ಲಿ, ತಿದ್ದುಪಡಿಯ ಮೂಲಕ ಆ ಪದವನ್ನು ಸೂಚಿಸಿದ ದೇಶ ಭಾರತ.

ನಮ್ಮವರಿಗೆ ಆ ಪದ ಹೊಳೆದುದೇಕೆ? ದಾಖಲೆಗಳು ಕಾರಣವನ್ನು ಬಿಡಿಸಿ ಹೇಳುವುದಿಲ್ಲ. ಆದರೆ ಅದು ಭಾರತದ ಕಾನೂನಿಗೆ ಹಳೆಯ ನೆಂಟ. ಈಸ್ಟ್ ಇಂಡಿಯಾ ಕಂಪನಿಯ ಕಾಲದ 1833ರ ಶಾಸನದಲ್ಲಿ ಧರ್ಮ, ಹುಟ್ಟಿದ ಸ್ಥಳ, ವಂಶ, ಬಣ್ಣ ಇವುಗಳ ಕಾರಣದಿಂದ ಈ ನಾಡಿನವರಾರಿಗೂ ಹುದ್ದೆ ತಪ್ಪಬಾರದೆಂದು ಹೇಳಿದೆ. 1935ರ ಭಾರತ ಸರ್ಕಾರ ಕಾಯಿದೆಯಲ್ಲಿ ಅದೇ ಪಟ್ಟಿ ಮತ್ತೆ ಬರುತ್ತದೆ. ನಮ್ಮ ಸಂವಿಧಾನದ 16ನೆಯ ವಿಧಿಯಲ್ಲಿ, ಸರ್ಕಾರಿ ಉದ್ಯೋಗದ ಪ್ರಸ್ತಾಪ ಬಂದಾಗ, ಜನಾಂಗ, ಜಾತಿ, ವಂಶ ಮೂರೂ ಬೇರೆ ಬೇರೆಯಾಗಿ ಎಣಿಸಲ್ಪಟ್ಟಿವೆ. ಅಂದರೆ ನಮ್ಮ ಪ್ರತಿನಿಧಿಗಳು ಹೊಸ ಪದವನ್ನೇನೂ ಕಟ್ಟಲಿಲ್ಲ. ಮನೆಯ ಪೆಟ್ಟಿಗೆಯಲ್ಲಿದ್ದುದನ್ನೇ ತೆಗೆದು ಲೋಕಕ್ಕೆ ಕೊಟ್ಟರು. ಒಪ್ಪಂದದ ಚರ್ಚೆಯಲ್ಲಿ, ಹಿಂದುಳಿದವರಿಗೆ ವಿಶೇಷ ಸೌಲಭ್ಯ ಕೊಟ್ಟರೆ ಅದನ್ನು ತಾರತಮ್ಯವೆಂದು ಕರೆಯಬಾರದೆಂಬ ಮಾತು ಬಂದಾಗ, ಅವರು ಪರಿಶಿಷ್ಟ ಜಾತಿಗಳ ಉದಾಹರಣೆಯನ್ನು ಮುಂದಿಟ್ಟುದೂ ಉಂಟು.

ಅದೇ 1965ರ ಜುಲೈ 4ರಂದು ಅಮೆರಿಕದ ಅಟ್ಲಾಂಟದ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಒಂದು ನೆನಪನ್ನು ಹೇಳಿಕೊಂಡರು. 1959ರಲ್ಲಿ ಅವರು ಭಾರತಕ್ಕೆ ಬಂದಿದ್ದರಷ್ಟೆ. ಕೇರಳದಲ್ಲಿ ಅಸ್ಪೃಶ್ಯರ ಮಕ್ಕಳು ಓದುತ್ತಿದ್ದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಮಕ್ಕಳಿಗೆ ಪರಿಚಯ ಮಾಡಿಕೊಟ್ಟರು: ಅಮೆರಿಕ ದೇಶದಿಂದ ಬಂದಿರುವ ನಮ್ಮಂಥದೇ ಒಬ್ಬ ಅಸ್ಪೃಶ್ಯರು, ಎಂದು. ಕಿಂಗ್ ಅವರಿಗೆ ಒಂದು ಕ್ಷಣ ಮನಸ್ಸಿಗೆ ಚುಚ್ಚಿದಂತಾಯಿತಂತೆ. ಪ್ರಧಾನಮಂತ್ರಿಯ ಅತಿಥಿಯಾಗಿ ಔತಣ ಉಂಡು ಬಂದವರಿಗೆ ಈ ಹೆಸರೇ! ಆಮೇಲೆ ತಮ್ಮವರ ಕೊಳೆಗೇರಿಗಳನ್ನೂ ಹರಕು ಶಾಲೆಗಳನ್ನೂ ನೆನೆದುಕೊಂಡು, ಹೌದು, ನಾನು ಅಸ್ಪೃಶ್ಯನೇ, ನನ್ನ ದೇಶದ ನೀಗ್ರೋಗಳೆಲ್ಲ ಅಸ್ಪೃಶ್ಯರೇ ಎಂದು ತಮಗೆ ತಾವೇ ಹೇಳಿಕೊಂಡರು. ಆ ಮುಖ್ಯೋಪಾಧ್ಯಾಯರು ಸಮಾಜಶಾಸ್ತ್ರದ ಗ್ರಂಥಗಳನ್ನು ಓದಿದ್ದರೋ ಇಲ್ಲವೋ, ಹೋಲಿಕೆಯನ್ನು ಹುಡುಕಿಕೊಂಡು ಅವರು ದೂರ ಹೋಗಲಿಲ್ಲ.

ಭಾರತ 1968ರಲ್ಲಿ ಒಪ್ಪಂದಕ್ಕೆ ಅನುಮೋದನೆ ಕೊಟ್ಟಿತು. 1969ರ ಜನವರಿಯಲ್ಲಿ ಅದು ಜಾರಿಗೆ ಬಂತು. ಸದಸ್ಯರಾಷ್ಟ್ರಗಳು ಕಾಲಕಾಲಕ್ಕೆ ವರದಿ ಒಪ್ಪಿಸಬೇಕು. ಹದಿನೆಂಟು ಮಂದಿ ತಜ್ಞರ ಸಮಿತಿಯೊಂದು ಅದನ್ನು ಪರಿಶೀಲಿಸಿ ಪ್ರಶ್ನೆ ಕೇಳುತ್ತದೆ. ಸಮಿತಿಗೆ ದಂಡಿಸುವ ಅಧಿಕಾರವಿಲ್ಲ. ಕೇಳುವ ಅಧಿಕಾರವಿದೆ. ಸರ್ಕಾರಗಳಿಗೆ ಅದೂ ಕೆಲವೊಮ್ಮೆ ಬಿಸಿಯಾಗುತ್ತದೆ.

1996ರಲ್ಲಿ ಹಾಗಾಯಿತು. ಪರಿಶಿಷ್ಟ ಜಾತಿಗಳ ಸ್ಥಿತಿಯೇನೆಂದು ಸಮಿತಿ ಕೇಳಿತು. ಜಾತಿ ಜನಾಂಗವಲ್ಲ; ಒಪ್ಪಂದದಲ್ಲಿರುವ ‘ವಂಶ’ವೆಂಬ ಪದ ಜನಾಂಗವನ್ನೇ ಸೂಚಿಸುತ್ತದೆ; ಆದುದರಿಂದ ಈ ಪ್ರಶ್ನೆ ನಿಮ್ಮ ವ್ಯಾಪ್ತಿಗೆ ಬಾರದು — ಇದು ನಮ್ಮ ಸರ್ಕಾರದ ಉತ್ತರ. ವಂಶಕ್ಕೆ ಜನಾಂಗವೆಂದೇ ಅರ್ಥವಿದ್ದರೆ ಪಟ್ಟಿಯಲ್ಲಿ ಅದನ್ನು ಬೇರೆಯಾಗಿ ಸೇರಿಸಿದುದೇಕೆ? ಸಮಿತಿ ಈ ವಾದವನ್ನು ಒಪ್ಪಲಿಲ್ಲ. ಆ ಪದಕ್ಕೆ ತನ್ನದೇ ಆದ ಅರ್ಥವಿದೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪ್ರಶ್ನೆ ಒಪ್ಪಂದದೊಳಗೇ ಬರುತ್ತದೆ ಎಂದಿತು. ಪದವನ್ನು ಕೊಟ್ಟವನು ಅದರ ಅರ್ಥ ತನಗೆ ಬೇಕಾದಷ್ಟೇ ಎನ್ನುವಂತಿಲ್ಲ.

ಹಾಗೆಂದು ಎದುರು ಪಕ್ಷದಲ್ಲಿ ಸತ್ತ್ವವೇ ಇರಲಿಲ್ಲವೆಂದು ತಿಳಿಯಬಾರದು. 2001ರಲ್ಲಿ, ವರ್ಣದ್ವೇಷವನ್ನು ಕುರಿತ ಜಾಗತಿಕ ಸಮ್ಮೇಳನಕ್ಕೆ ಸಿದ್ಧತೆ ನಡೆದಿದ್ದಾಗ, ಸಮಾಜಶಾಸ್ತ್ರಜ್ಞ ಆಂದ್ರೆ ಬೆತೇಯಿ ಅವರು ಗಂಭೀರವಾದ ಆಕ್ಷೇಪವೊಂದನ್ನು ಎತ್ತಿದರು. ಜನಾಂಗವೆಂಬುದು ಶಾಸ್ತ್ರಕ್ಕೆ ನಿಲ್ಲದ ಕಲ್ಪನೆಯೆಂದು ತೋರಿಸಲು ಮಾನವಶಾಸ್ತ್ರಜ್ಞರು ಒಂದು ಶತಮಾನ ಶ್ರಮಿಸಿದ್ದಾರೆ. ಈಗ ಜಾತಿಯನ್ನು ಜನಾಂಗದ ಒಂದು ಬಗೆಯೆಂದು ಕರೆದರೆ ಸತ್ತ ಕಲ್ಪನೆಗೆ ಮತ್ತೆ ಜೀವ ಕೊಟ್ಟಂತಾಗುತ್ತದೆ ಎಂಬುದು ಅವರ ವಾದ. ವಿದ್ವಾಂಸನ ಮಟ್ಟಿಗೆ ಇದು ಪ್ರಾಮಾಣಿಕವಾದ ಮಾತು. ಆದರೆ 1950ರ ಹೇಳಿಕೆಯನ್ನು ಇಲ್ಲಿ ನೆನೆಯಬೇಕು. ಜನಾಂಗ ಮಿಥ್ಯೆಯೆಂದ ಆ ಎಂಟು ಮಂದಿ ಜನಾಂಗದ್ವೇಷವೂ ಮಿಥ್ಯೆಯೆನ್ನಲಿಲ್ಲ. ಇಲ್ಲದ ಜನಾಂಗದ ಹೆಸರಿನಲ್ಲಿ ಲಕ್ಷಾಂತರ ಜನ ಸತ್ತಿದ್ದರು. ಜಾತಿಗೆ ಜೀವಶಾಸ್ತ್ರದ ಆಧಾರವುಂಟೆ ಎಂಬುದು ಒಂದು ಪ್ರಶ್ನೆ. ಬಾವಿಯ ಕಟ್ಟೆ ಹತ್ತಬಾರದೆನ್ನುವುದಕ್ಕೆ ಹುಟ್ಟು ಕಾರಣವಾಗುತ್ತಿದೆಯೆ ಎಂಬುದು ಇನ್ನೊಂದು. ಒಪ್ಪಂದ ಕೇಳುವುದು ಎರಡನೆಯದನ್ನು.

ಆ ಜಾಗತಿಕ ಸಮ್ಮೇಳನ ನಡೆದುದು ಎಲ್ಲಿ? ಡರ್ಬನ್ನಿನಲ್ಲಿ. ಮೂರನೆಯ ಬಾಗಿಲಿನ ಪಟ್ಟಣದಲ್ಲಿಯೇ, ವರ್ಣಭೇದ ನೀತಿ ಅಳಿದು ಏಳು ವರ್ಷಗಳಾದ ಮೇಲೆ, 2001ರ ಆಗಸ್ಟ್ 31ರಿಂದ ಸೆಪ್ಟೆಂಬರ್ 8ರವರೆಗೆ. ಬೆಂಗಳೂರಿನ ರೂತ್ ಮನೋರಮಾ ಅವರೂ ಸೇರಿದಂತೆ ಭಾರತದ ಅನೇಕ ದಲಿತ ಕಾರ್ಯಕರ್ತರು ಅಲ್ಲಿಗೆ ಹೋಗಿ ಜಾತಿಯ ಪ್ರಶ್ನೆಯನ್ನು ಲೋಕದ ಕಿವಿಗೆ ಹಾಕಿದರು. ಸರ್ಕಾರದ ನಿಯೋಗ ಮಾತ್ರ ಜಾತಿಯನ್ನು ಜನಾಂಗದೊಡನೆ ಸಮೀಕರಿಸಕೂಡದು, ಅದು ನಮ್ಮ ಆಂತರಿಕ ವಿಚಾರ, ಅದಕ್ಕೆ ನಮ್ಮಲ್ಲೇ ಸಂವಿಧಾನವೂ ಕಾನೂನುಗಳೂ ಇವೆ ಎಂಬ ನಿಲುವನ್ನು ಹಿಡಿಯಿತು. ಕಾನೂನುಗಳಿವೆಯೆಂಬುದು ಸುಳ್ಳಲ್ಲ, ದಕ್ಷಿಣ ಆಫ್ರಿಕದ ಕಾನೂನು ಭೇದವನ್ನು ವಿಧಿಸುತ್ತಿತ್ತು, ನಮ್ಮದು ನಿಷೇಧಿಸುತ್ತದೆ, ಈ ವ್ಯತ್ಯಾಸ ಸಣ್ಣದಲ್ಲ. ಆದರೂ ‘ಆಂತರಿಕ ವಿಚಾರ’ವೆಂಬ ನುಡಿಗಟ್ಟನ್ನು 1946ರಲ್ಲಿ ಕೇಳಿದ್ದವರಿಗೆ ಅದು ಜನರಲ್ ಸ್ಮಟ್ಸ್ ಅವರ ಸ್ವರದಲ್ಲಿಯೇ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಸಮ್ಮೇಳನದ ಅಂತಿಮ ಘೋಷಣೆಯಲ್ಲಿ ಜಾತಿಯೆಂಬ ಪದ ಬರಲಿಲ್ಲ. ಇಸ್ರೇಲನ್ನು ಕುರಿತ ಮಾತಿಗಾಗಿ ಅಮೆರಿಕ ಮತ್ತು ಇಸ್ರೇಲುಗಳು ಎದ್ದುಹೋದುವು. ಮುಗಿದ ಮೂರನೆಯ ದಿನಕ್ಕೆ ನ್ಯೂಯಾರ್ಕಿನ ಗೋಪುರಗಳು ಉರುಳಿದುವು. ಡರ್ಬನ್ನಿನ ನೆನಪು ಆ ಹೊಗೆಯಲ್ಲಿ ಮುಚ್ಚಿಹೋಯಿತು.

ಮರುವರ್ಷ ಸಮಿತಿ, ವಂಶವೆಂಬುದರಲ್ಲಿ ಜಾತಿಯೂ ಅಂಥ ಹುಟ್ಟಿನ ಅಂತಸ್ತುಗಳೂ ಸೇರುತ್ತವೆಯೆಂದು ಸಾಮಾನ್ಯ ಶಿಫಾರಸೊಂದನ್ನೇ ಹೊರಡಿಸಿತು. ಜಪಾನಿನಲ್ಲಿ ಚರ್ಮದ ಕೆಲಸ, ಕಸಾಯಿ ಕೆಲಸಗಳವರ ಸಂತತಿಯಾದ ಬುರಾಕು ಜನರೂ ಈ ಮಾತಿನ ನೆರಳಿಗೆ ಬಂದರು. ಆ ಸರ್ಕಾರಕ್ಕೂ ಇದು ರುಚಿಸಲಿಲ್ಲ. ನಮ್ಮಲ್ಲಿ ಒಂದು ವಿಚಿತ್ರ ನಡೆಯಿತು. 2006ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಮನಮೋಹನ ಸಿಂಗರು ದೆಹಲಿಯ ಸಭೆಯೊಂದರಲ್ಲಿ, ಅಸ್ಪೃಶ್ಯತೆಗೆ ಹೋಲಿಕೆಯೆಂದರೆ ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯೊಂದೇ ಎಂದರು. ಎರಡೇ ತಿಂಗಳ ಅನಂತರ ಜಿನೀವಾದಲ್ಲಿ ಅದೇ ಸರ್ಕಾರದ ವಕೀಲರು ಸಮಿತಿಯ ಮುಂದೆ ನಿಂತು, ಜಾತಿಗೂ ಈ ಒಪ್ಪಂದಕ್ಕೂ ಸಂಬಂಧವಿಲ್ಲವೆಂದು ವಾದಿಸಿದರು.

ಇಷ್ಟೂ ದೂರದ ರಾಜಧಾನಿಗಳ ಕಥೆಯಾಯಿತು. ಬೆಂಗಳೂರಿನ ಮಾತನ್ನೂ ಹೇಳಬೇಕು. 2012ರ ಆಗಸ್ಟಿನಲ್ಲಿ ಮೊಬೈಲು ಸಂದೇಶಗಳ ಮೂಲಕ ಹಬ್ಬಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ನಿಲ್ದಾಣದಲ್ಲಿ ಗಂಟುಮೂಟೆಗಳೊಡನೆ ಸೇರಿದರು. ರೈಲ್ವೆಯವರು ಗುವಾಹಟಿಗೆ ವಿಶೇಷ ಗಾಡಿಗಳನ್ನೇ ಬಿಡಬೇಕಾಯಿತು. ವದಂತಿ ಸುಳ್ಳು. ಅದನ್ನು ಅವರು ಅಷ್ಟು ಬೇಗ ನಂಬಿದುದೇಕೆಂದು ನಾವು ಹೆಚ್ಚಾಗಿ ಕೇಳಿಕೊಳ್ಳಲಿಲ್ಲ. ಮನೆ ಬಾಡಿಗೆಗೆ ಕೇಳುವಾಗ, ಬಸ್ಸಿನಲ್ಲಿ, ಹೋಟೆಲಿನಲ್ಲಿ ತಮ್ಮ ಮುಖಚಹರೆಯನ್ನು ಕುರಿತು ಕೇಳಿಬರುವ ಮಾತುಗಳ ಲೆಕ್ಕ ಅವರಲ್ಲಿತ್ತು. ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬ ಹೊಡೆತ ತಿಂದು ಸತ್ತ ಮೇಲೆ 2014ರಲ್ಲಿ ನೇಮಕವಾದ ಬೆಜ್‌ಬರುವಾ ಸಮಿತಿ ಇಂಥದನ್ನು ತಡೆಯಲು ಪ್ರತ್ಯೇಕವಾದ ಕಾನೂನು ಬೇಕೆಂದು ಸಲಹೆ ಮಾಡಿತು.

2016ರ ಜನವರಿ ಕೊನೆಯಲ್ಲಿ ನಗರದ ಹೊರವಲಯದ ಹೆಸರಘಟ್ಟದ ಕಡೆ ಸೂಡಾನಿನ ವಿದ್ಯಾರ್ಥಿಯೊಬ್ಬನ ಕಾರು ತಗುಲಿ ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಅನಂತರ ಅದೇ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದ ಎಳೆದು ಥಳಿಸಿತು. ಅವಳಿಗೂ ಆ ಅಪಘಾತಕ್ಕೂ ಸಂಬಂಧವಿರಲಿಲ್ಲ. ತಾಂಜಾನಿಯ ಬೇರೆ, ಸೂಡಾನ್ ಬೇರೆ. ಗುಂಪಿಗೆ ಕಂಡದ್ದು ಒಂದೇ ಬಣ್ಣ. ಇದು ವರ್ಣದ್ವೇಷದ ಕೃತ್ಯವಲ್ಲ, ಅಪಘಾತದಿಂದ ಕೆರಳಿದ ಜನರ ಸಿಟ್ಟು ಎಂಬ ವಿವರಣೆ ಸರ್ಕಾರದ ಕಡೆಯಿಂದ ಬಂತು. ಸಿಟ್ಟು ಯಾರ ಮೇಲೆ ಹರಿಯಿತೆಂಬುದಕ್ಕೆ ಆ ವಿವರಣೆಯಲ್ಲಿ ಜಾಗವಿರಲಿಲ್ಲ.

ಆಫ್ರಿಕದ ಮುಖ ಕನ್ನಡನಾಡಿಗೆ ಹೊಸದೇನಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಂಚಿನಲ್ಲಿ ಸಿದ್ದಿಯರು ತಲೆಮಾರುಗಳಿಂದ ಇದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡೋ ಬಿಡುಗಡೆ ಪಡೆದೋ ಘಟ್ಟ ಸೇರಿದವರ ಸಂತತಿ ಅವರಲ್ಲಿ ಬಹುಮಂದಿ. ಹೊಲದ ಕೂಲಿ, ಅಡಿಕೆ ತೋಟದ ಕೆಲಸ, ಕಾಡಿನ ಉತ್ಪತ್ತಿ ಅವರ ಜೀವನ. ಆ ಜಿಲ್ಲೆಯ ಸಿದ್ದಿಯರನ್ನು ಪರಿಶಿಷ್ಟ ಪಂಗಡವೆಂದು ಸರ್ಕಾರ ಒಪ್ಪಿಕೊಂಡುದು 2003ರಲ್ಲಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡವನ್ನೂ ಕೊಂಕಣಿಯನ್ನೂ ಆಡುತ್ತಾರೆ. ಅವರ ಹುಡುಗರು ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಬಂದರೆ, ಅಚ್ಚ ಕನ್ನಡದಲ್ಲಿ ದಾರಿ ಕೇಳಿದರೂ, ಎದುರಿಗಿದ್ದವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ‘ಯಾವ ದೇಶ?’ ಎಂದು ಕೇಳುತ್ತಾರೆ.